ಕಲ್ಟ್ ಸಿನಿಮಾದ ರೀಮೇಕ್ ಬಂದಾಗ ವಿಮರ್ಶೆ ಬರೆಯುವುದು ಹೇಗೆ?

'ಹಳೆಯದರ ಮುಂದೆ ಇದು ಏನೂ ಅಲ್ಲ.' ಅಭಿಮಾನಿಗಳು ವರ್ಷಗಟ್ಟಲೆ ತಲೆ ಮೇಲೆ ಹೊತ್ತುಕೊಂಡ ಕಲ್ಟ್ ಸಿನಿಮಾದ ಯಾವ ರೀಮೇಕ್ ಬಂದರೂ ಬಹುಪಾಲು ವಿಮರ್ಶೆಗಳ ಸಾರ ಇಷ್ಟೇ. ಮಾತು ನಿಜವೇ ಇರಬಹುದು. ಆದರೆ ಅಷ್ಟು ಬರೆಯಲು ಸಿನಿಮಾ ಪೂರ್ತಿ ನೋಡಬೇಕಾಗಿಲ್ಲ, ಟ್ರೇಲರ್ ನೋಡಿದರೆ ಸಾಕು. ಓದಿದವರ ಕೈಗೂ ಏನೂ ಸಿಗುವುದಿಲ್ಲ.

ಅದರಲ್ಲೂ ಡಿಸ್ಟೋಪಿಯಾ ಆ್ಯಕ್ಷನ್ ಸಿನಿಮಾಗಳಿಗೆ ಈ ತಕ್ಕಡಿ ಹೊಂದುವುದೇ ಇಲ್ಲ. ಮುಂದೆ ಬರಬಹುದಾದ ಕೆಟ್ಟ ಕಾಲದ ಕಥೆ ಅಂತ ನಾವು ಅವನ್ನು ನೋಡುತ್ತೇವೆ, ಆದರೆ ಆ ಕಥೆ ಹುಟ್ಟುವುದು ಸಿನಿಮಾ ತೆಗೆದ ವರ್ಷದ ಭಯದಿಂದ. ಆಗ ಜನ ಯಾರಿಗೆ ಹೆದರಿದ್ದರು, ಯಾರ ಮೇಲೆ ಸಿಟ್ಟಾಗಿದ್ದರು ಅನ್ನೋದೇ ಅದರ ಜೀವ. ಇಪ್ಪತ್ತು ಮೂವತ್ತು ವರ್ಷ ಕಳೆದ ಮೇಲೆ ಅದೇ ಕಥೆಯನ್ನು ಮತ್ತೆ ತೆಗೆದರೆ ಭಯವೂ ಬದಲಾಗಿರಬೇಕು, ಅಲ್ವಾ? ಹಾಗಾಗಿ ನಾನು ಎರಡೇ ಪ್ರಶ್ನೆ ಇಟ್ಟುಕೊಂಡು ಕೂರುತ್ತೇನೆ. ಹಳೆಯದು ಯಾವುದಕ್ಕೆ ಹೆದರಿತ್ತು? ಹೊಸದು ಯಾವುದಕ್ಕೆ ಹೆದರುತ್ತಿದೆ? ಈ ಎರಡಕ್ಕೆ ಉತ್ತರ ಸಿಕ್ಕರೆ ವಿಮರ್ಶೆಯ ಅರ್ಧ ಕೆಲಸ ಮುಗಿದ ಹಾಗೆ. ಹೊಸದು ಯಾವುದಕ್ಕೂ ಹೆದರುತ್ತಿಲ್ಲ ಅಂತ ಗೊತ್ತಾದರೆ ಅದೂ ಒಂದು ಉತ್ತರವೇ.

ಉದಾಹರಣೆಗೆ ಒಂದು ಸಿನಿಮಾವನ್ನು ಗಟ್ಟಿಯಾಗಿ ಹಿಡಿದುಕೊಳ್ಳೋಣ, ಇಲ್ಲದಿದ್ದರೆ ಮಾತು ಗಾಳಿಯಲ್ಲೇ ಉಳಿಯುತ್ತದೆ. 1987ರ 'ರೋಬೋಕಾಪ್' ಮತ್ತು 2014ರಲ್ಲಿ ಬಂದ ಅದರ ರೀಮೇಕ್. ಹಳೆಯದನ್ನು ತೆಗೆದವರು ನೆದರ್ಲೆಂಡ್ಸ್‌ನಿಂದ ಬಂದ ಪಾಲ್ ವರ್ಹೋವನ್, ಹೊಸದನ್ನು ತೆಗೆದವರು ಬ್ರೆಜಿಲ್‌ನ ಜೋಸೆ ಪಡಿಲ್ಯ. ಇಬ್ಬರೂ ಅಮೆರಿಕವನ್ನು ಹೊರಗಿನವರ ಕಣ್ಣಿಂದ ನೋಡಿದವರು. ಎರಡರಲ್ಲೂ ಊರು ಡೆಟ್ರಾಯಿಟ್. ಅಲೆಕ್ಸ್ ಮರ್ಫಿ ಅನ್ನೋ ಪೊಲೀಸ್ ಮೇಲೆ ದಾಳಿಯಾಗುತ್ತದೆ, ದೊಡ್ಡ ಕಂಪನಿಯೊಂದು ಅವನಲ್ಲಿ ಉಳಿದದ್ದನ್ನು ತೆಗೆದುಕೊಂಡು ಯಂತ್ರದೊಳಗೆ ಕೂರಿಸುತ್ತದೆ. ಕಥೆಯ ಎಲುಬು ಎರಡರಲ್ಲೂ ಒಂದೇ. ಭಯ ಮಾತ್ರ ಬೇರೆ.

ಮೊದಲು ನೋಡುವ ವಿಷಯ. ರೀಮೇಕ್‌ಗೆ ಹೋಗುವ ಹಿಂದಿನ ರಾತ್ರಿ ಹಳೆಯದನ್ನು ನೋಡಿಕೊಂಡು ಹೋಗುವವರು ತುಂಬಾ ಜನ. ನಾನು ಹಾಗೆ ಮಾಡಬೇಡಿ ಅಂತಲೇ ಹೇಳುತ್ತೇನೆ. ಹಾಗೆ ಹೋದರೆ ತಲೆಯಲ್ಲಿ ಹಳೆಯದರ ಒಂದೊಂದು ದೃಶ್ಯವೂ ಹಸಿಹಸಿಯಾಗಿ ಕೂತಿರುತ್ತದೆ, ಹೊಸ ಸಿನಿಮಾ ಬಾಯಿ ಬಿಡುವ ಮೊದಲೇ ನೀವು ತಪ್ಪು ಎಣಿಸಲು ಶುರುಮಾಡಿರುತ್ತೀರಿ. ಮೊದಲು ಹೊಸದನ್ನು ನೋಡಿ. ಮನೆಗೆ ಬಂದು ನೆನಪಿದ್ದಷ್ಟನ್ನು ಬರೆದಿಡಿ. ಆಮೇಲೆ ಹಳೆಯದನ್ನು ಪೂರ್ತಿಯಾಗಿ, ನಿಲ್ಲಿಸದೆ ನೋಡಿ. ಸಾಧ್ಯವಾದರೆ ಒಂದೆರಡು ದಿನ ಬಿಟ್ಟು ಹೊಸದನ್ನು ಮತ್ತೊಮ್ಮೆ ನೋಡಿ. ಎರಡನೇ ಸಲ ನೋಡುವಾಗಲೇ ಹೊಸದು ಏನನ್ನು ಬೇಕಂತಲೇ ಬದಲಾಯಿಸಿದೆ, ಏನನ್ನು ಗೊತ್ತಿಲ್ಲದೆ ಕಳೆದುಕೊಂಡಿದೆ ಅನ್ನೋದು ಬೇರೆಬೇರೆಯಾಗಿ ಕಾಣುತ್ತದೆ.

ಹಳೆಯದನ್ನು ಮತ್ತೆ ನೋಡದೆ ಬರೆಯಲೇಬೇಡಿ. ಇದನ್ನು ನಾನು ಅನುಭವದಿಂದ ಹೇಳುತ್ತಿದ್ದೇನೆ. 2014ರ ಸಿನಿಮಾ ಬಂದಾಗ, ಮರ್ಫಿ ತನ್ನ ಹೆಂಡತಿಗೆ ಎದುರಾಗಿ ತಾನು ಅವಳ ಗಂಡನೇ ಅಲ್ಲ ಅನ್ನೋ ಹಾಗೆ ನಡೆದುಕೊಳ್ಳುವ ದೃಶ್ಯದ ಬಗ್ಗೆ ಬರೆದಿದ್ದೆ. ಹಳೆಯದರಲ್ಲಿ ಅದು ಎಷ್ಟು ಚೆನ್ನಾಗಿತ್ತು, ಹೊಸದರಲ್ಲಿ ಅದರ ಭಾರವೇ ಇಲ್ಲ ಅಂತ ಒಂದು ಪ್ಯಾರಾ ಪೂರ್ತಿ. ಒಬ್ಬ ಓದುಗರು ಸಮಾಧಾನವಾಗಿ ತಿದ್ದಿದರು: ಆ ದೃಶ್ಯ 1987ರದ್ದಲ್ಲ, 1990ರ ಎರಡನೇ ಭಾಗದ್ದು. ಅವರ ಮಾತು ಸರಿಯಾಗಿತ್ತು. ವರ್ಷಗಟ್ಟಲೆ ಮನಸ್ಸಿನಲ್ಲಿಟ್ಟುಕೊಂಡ ಸಿನಿಮಾ ನಿಧಾನಕ್ಕೆ ನಮ್ಮದೇ ಇನ್ನೊಂದು ಸಿನಿಮಾ ಆಗಿಬಿಟ್ಟಿರುತ್ತದೆ. ಹೊಸದನ್ನು ಅದರ ಜೊತೆ ಹೋಲಿಸಿ ಬೈದರೆ ಅದು ಅನ್ಯಾಯ.

ಯಾವ ಆವೃತ್ತಿ ನೋಡಿದಿರಿ ಅನ್ನೋದನ್ನೂ ಬರೆದಿಟ್ಟುಕೊಳ್ಳಿ. 1987ರ ಸಿನಿಮಾಕ್ಕೆ ಅಮೆರಿಕದ ರೇಟಿಂಗ್ ಮಂಡಳಿ ಮೊದಲು ಎಕ್ಸ್ (ದೊಡ್ಡವರಿಗೆ ಮಾತ್ರ) ಕೊಟ್ಟಿತ್ತು. ಹಿಂಸೆಯ ದೃಶ್ಯಗಳನ್ನು ಹಲವು ಸಲ ಕತ್ತರಿಸಿದ ಮೇಲೆ ಆರ್ (ಚಿಕ್ಕವರು ದೊಡ್ಡವರ ಜೊತೆ ಬಂದು ನೋಡಬಹುದು) ಸಿಕ್ಕಿತು. ಕತ್ತರಿಸಿದ ಭಾಗಗಳಿರುವ ನಿರ್ದೇಶಕರ ಆವೃತ್ತಿ ಆಮೇಲೆ ಬಂತು. ಇವತ್ತು ಕೆಲವರು ನೋಡಿರುವುದು ಅದು, ಕೆಲವರು ನೋಡಿರುವುದು ಇದು. ಎರಡರ ರುಚಿ ಬೇರೆ.

ಇನ್ನು ಭಯದ ವಿಷಯಕ್ಕೆ ಬರೋಣ. 1987 ಅಂದರೆ ಅಮೆರಿಕದಲ್ಲಿ ರೇಗನ್ ಅಧ್ಯಕ್ಷರಾಗಿದ್ದ ಕಾಲ. ಸರ್ಕಾರದ ಕೆಲಸವನ್ನು ಕಂಪನಿಗಳ ಕೈಗೆ ಕೊಟ್ಟರೆ ಎಲ್ಲ ಸರಿಹೋಗುತ್ತದೆ ಅನ್ನೋ ಮಾತು ಜೋರಾಗಿತ್ತು. ಸಿನಿಮಾ ಆ ಮಾತನ್ನು ತುದಿಯವರೆಗೆ ಎಳೆದುಕೊಂಡು ಹೋಗಿ, ಪೊಲೀಸ್ ಇಲಾಖೆಯನ್ನೇ ಕಂಪನಿಯೊಂದು ಗುತ್ತಿಗೆ ಹಿಡಿದಿರುವ ಊರನ್ನು ತೋರಿಸಿತು. 2014ರ ಹೊತ್ತಿಗೆ ಜನರ ತಲೆಯಲ್ಲಿ ಇದ್ದದ್ದು ದೂರದಿಂದಲೇ ಕೊಲ್ಲುವ ಡ್ರೋನ್. ಅದಕ್ಕೇ ರೀಮೇಕ್‌ನ ಮೊದಲ ದೊಡ್ಡ ದೃಶ್ಯ ಇರುವುದು ಡೆಟ್ರಾಯಿಟ್‌ನಲ್ಲಿ ಅಲ್ಲ, ಇರಾನಿನ ಟೆಹ್ರಾನ್‌ನ ಬೀದಿಯಲ್ಲಿ. ಅಮೆರಿಕದ ಯಂತ್ರಗಳು ಜನರನ್ನು ಸಾಲಾಗಿ ನಿಲ್ಲಿಸಿ ಸ್ಕ್ಯಾನ್ ಮಾಡುತ್ತಿರುತ್ತವೆ, ಟಿವಿ ಅದನ್ನು ನೇರಪ್ರಸಾರದಲ್ಲಿ ಹೊಗಳುತ್ತಿರುತ್ತದೆ.

ಎರಡು ಸಿನಿಮಾಗಳನ್ನು ಪಕ್ಕಪಕ್ಕ ಇಡಲು ಒಳ್ಳೆಯ ದಾರಿ ಎಂದರೆ ಎರಡರಲ್ಲೂ ಇರುವ ಒಂದು ಚಿಕ್ಕ ವಸ್ತುವನ್ನು ಹುಡುಕುವುದು. ಇಡೀ ಕಥೆ, ಇಡೀ ಪಾತ್ರ ಅಂತ ಹೋಲಿಸಲು ಹೋದರೆ ಮಾತು ತೆಳ್ಳಗಾಗುತ್ತದೆ. ಚಿಕ್ಕದನ್ನು ಹಿಡಿಯಿರಿ. ಇಲ್ಲಿ ನನಗೆ ಸಿಕ್ಕಿದ್ದು ಕೈ.

1987ರಲ್ಲಿ ಮರ್ಫಿ ಯಂತ್ರವಾಗುವುದನ್ನು ನಾವು ಅವನ ಕಣ್ಣಿನ ಒಳಗಿನಿಂದಲೇ ನೋಡುತ್ತೇವೆ. ಪರದೆ ಕಪ್ಪು. ಆಮೇಲೆ ಟಿವಿಯಲ್ಲಿ ಬರುವಂಥ ಗೆರೆಗಳು. ಯಾರ್ಯಾರೋ ಬಗ್ಗಿ ನಮ್ಮ ಮುಖ ನೋಡುತ್ತಾರೆ. ನಾವು ಅಲ್ಲಿ ಇಲ್ಲವೇನೋ ಅನ್ನೋ ಹಾಗೆ ಮಾತಾಡಿಕೊಳ್ಳುತ್ತಾರೆ. ಎಡಗೈಯನ್ನು ಉಳಿಸಿಕೊಳ್ಳಲು ಆಯಿತು ಅಂತ ಒಬ್ಬರು ಖುಷಿಯಿಂದ ಹೇಳುತ್ತಾರೆ. ಯೋಜನೆಯ ಮುಖ್ಯಸ್ಥ ಮಾರ್ಟನ್‌ಗೆ ಕಿರಿಕಿರಿಯಾಗುತ್ತದೆ. ಪೂರ್ತಿ ಯಂತ್ರದ ಮೈ ಅಂತ ಒಪ್ಪಿಕೊಂಡಿದ್ದೆವಲ್ಲ, ಆ ಕೈ ತೆಗೆದುಹಾಕಿ ಅಂತಾನೆ. ಕಾನೂನಿನ ಪ್ರಕಾರ ಅವನು ಸತ್ತವನು, ಕೆಲಸಕ್ಕೆ ಸೇರುವಾಗಲೇ ಕಾಗದಕ್ಕೆ ಸಹಿ ಹಾಕಿದ್ದಾನೆ, ಏನು ಬೇಕಾದರೂ ಮಾಡಬಹುದು ಅಂತ ಇನ್ನೊಬ್ಬ ಧೈರ್ಯ ಕೊಡುತ್ತಾನೆ. ರಕ್ತವಿಲ್ಲ, ಚೀರಾಟವಿಲ್ಲ. ಒಂದು ಆಫೀಸಿನ ಮಾತುಕತೆ ಅಷ್ಟೆ. ಬದುಕಿರುವ ಕೈಯೊಂದು ಆ ಮಾತುಕತೆಯಲ್ಲಿ ಹೋಗಿಬಿಡುತ್ತದೆ.

2014ರಲ್ಲಿ ಕೈ ಉಳಿಯುತ್ತದೆ. ಮೈಯೆಲ್ಲ ಯಂತ್ರ, ಬಲಗೈ ಪಂಜ ಮಾತ್ರ ಮನುಷ್ಯನದು. ಮರ್ಫಿ ತನ್ನಲ್ಲಿ ಎಷ್ಟು ಉಳಿದಿದೆ ತೋರಿಸಿ ಅಂದಾಗ, ಗ್ಯಾರಿ ಓಲ್ಡ್‌ಮನ್ ಮಾಡಿರುವ ಡಾಕ್ಟರ್ ಪಾತ್ರ ಒಂದೊಂದೇ ಭಾಗವನ್ನು ಕಳಚಿಸುತ್ತದೆ. ಕಾಲು ಹೋಗುತ್ತದೆ, ತೋಳು ಹೋಗುತ್ತದೆ, ಎದೆ ಹೋಗುತ್ತದೆ. ಕೊನೆಗೆ ಕಾಣುವುದು ಮುಖ, ಉಬ್ಬಿ ಇಳಿಯುವ ಶ್ವಾಸಕೋಶ, ದೂರದಲ್ಲಿ ಒಂಟಿಯಾಗಿ ಆ ಕೈ. ನನಗೆ ಈ ದೃಶ್ಯ ತುಂಬಾ ದಿನ ಕಾಡಿತು. ಹಳೆಯ ಸಿನಿಮಾದಲ್ಲಿ ಇಂಥದ್ದೊಂದು ಇಲ್ಲವೇ ಇಲ್ಲ. ಅಲ್ಲಿ ಕಂಪನಿ ಅವನ ಮೈಯನ್ನು ತನ್ನದಾಗಿಸಿಕೊಂಡಿತು. ಇಲ್ಲಿ ಡಾಕ್ಟರ್ ಒಳ್ಳೆಯವನು, ಸಮಾಧಾನ ಹೇಳುತ್ತಾನೆ, ಆದರೂ ಅದೇ ಆಗುತ್ತದೆ. ಇದನ್ನು ಹೀಗೆ ಪಕ್ಕಪಕ್ಕ ಇಟ್ಟು ಬರೆದರೆ ಸಾಕು, ಎರಡು ಕಾಲದ ಭಯ ಓದುಗರಿಗೆ ತಾನಾಗಿಯೇ ಕಾಣುತ್ತದೆ. ಯಾವುದು ಹೆಚ್ಚು ಯಾವುದು ಕಡಿಮೆ ಅಂತ ನೀವು ಕೂಗಿ ಹೇಳಬೇಕಾಗಿಲ್ಲ.

ಆದರೆ ಹೊಸದನ್ನು ಸುಮ್ನೆ ಬಿಟ್ಟುಬಿಡುವ ಹಾಗೂ ಇಲ್ಲ. ಅದು ತಂದ ಹೊಸ ಯೋಚನೆಯನ್ನು ಕೊನೆಯವರೆಗೂ ಹೊತ್ತಿದೆಯಾ ಅಂತ ನೋಡಿ. 2014ರ ಸಿನಿಮಾದ ನಡುವೆ ಒಂದು ಅದ್ಭುತವಾದ ಮಾತು ಬರುತ್ತದೆ. ಕಾದಾಟದ ಹೊತ್ತಿನಲ್ಲಿ ನಿರ್ಧಾರ ತೆಗೆದುಕೊಳ್ಳುವುದು ಸಾಫ್ಟ್‌ವೇರ್, ಆದರೆ ಮರ್ಫಿಗೆ ತಾನೇ ತೆಗೆದುಕೊಂಡೆ ಅನಿಸುತ್ತದೆ. ಇದು 1987ರಲ್ಲಿ ಯಾರೂ ಹೆದರಿರದ ಭಯ. ಇವತ್ತು ಯೋಚಿಸಿದರೆ ಇನ್ನೂ ಜಾಸ್ತಿ ಹೆದರಿಕೆಯಾಗುತ್ತದೆ. ಆದರೆ ಕೊನೆಗೆ ಬಂದಾಗ ಸಿನಿಮಾ ಇದನ್ನು ಕೈಬಿಡುತ್ತದೆ. ಕಂಪನಿ ಕೊಟ್ಟ ಕೆಂಪು ಪಟ್ಟಿಯನ್ನು ಕೈಗೆ ಕಟ್ಟಿಕೊಂಡವರ ಮೇಲೆ ಮರ್ಫಿ ಗುಂಡು ಹಾರಿಸದ ಹಾಗೆ ಪ್ರೋಗ್ರಾಂ ಮಾಡಿರುತ್ತಾರೆ, ಮರ್ಫಿ ಮನಸ್ಸು ಗಟ್ಟಿ ಮಾಡಿ ಅದನ್ನು ಮೀರುತ್ತಾನೆ. ಹಳೆಯದರಲ್ಲಿ ಹಾಗಾಗುವುದಿಲ್ಲ. ಕಂಪನಿಯ ಹಿರಿಯ ಅಧಿಕಾರಿಗಳನ್ನು ಮುಟ್ಟಬಾರದು ಅನ್ನೋ ಗುಟ್ಟಿನ ನಿಯಮ ಕೊನೆಯ ಕ್ಷಣದವರೆಗೂ ಮುರಿಯುವುದೇ ಇಲ್ಲ. ಕಂಪನಿಯ ಯಜಮಾನ ಖಳನಾದ ಹಿರಿಯ ಅಧಿಕಾರಿಯನ್ನು ಅಲ್ಲೇ ಕೆಲಸದಿಂದ ತೆಗೆದ ಮೇಲೆಯೇ ಮರ್ಫಿ ಗುಂಡು ಹಾರಿಸುತ್ತಾನೆ. ಗೆದ್ದದ್ದು ನಾಯಕ, ಆದರೆ ನಿಯಮ ಕಂಪನಿಯದ್ದೇ. 'ಕ್ಲೈಮ್ಯಾಕ್ಸ್ ಸಪ್ಪೆ' ಅಂತ ಒಂದು ಪದದಲ್ಲಿ ಬರೆಯುವ ಬದಲು ಈ ವ್ಯತ್ಯಾಸ ಬರೆಯಿರಿ. ಸಪ್ಪೆ ಯಾಕೆ ಅನಿಸಿತು ಅನ್ನೋದಕ್ಕೆ ಕಾರಣ ಅದರಲ್ಲೇ ಇದೆ.

ಊರನ್ನೂ ನೋಡಿ. ಡೆಟ್ರಾಯಿಟ್ ನಗರ 2013ರ ಜುಲೈನಲ್ಲಿ ನಿಜವಾಗಿಯೂ ದಿವಾಳಿ ಅರ್ಜಿ ಹಾಕಿತು. ರೀಮೇಕ್ ಬಂದದ್ದು ಅದಾದ ಏಳು ತಿಂಗಳಿಗೆ. ಹಳೆಯ ಸಿನಿಮಾ ಹೆದರಿದ್ದರಲ್ಲಿ ಒಂದು ಭಾಗ ಕಣ್ಣೆದುರೇ ನಡೆದಿತ್ತು, ಆದರೂ ಹೊಸ ಸಿನಿಮಾದಲ್ಲಿ ಆ ಊರಿನ ಬಡತನಕ್ಕೆ ಹೆಚ್ಚು ಜಾಗವೇ ಇಲ್ಲ. ಹೆಸರು ಡೆಟ್ರಾಯಿಟ್, ಉಳಿದದ್ದು ಯಾವ ಊರಾದರೂ ಆಗಬಹುದಿತ್ತು. ಚಿತ್ರೀಕರಣ ಬೇರೆ ಊರಲ್ಲಿ ಆಯಿತು ಅನ್ನೋದು ಇಲ್ಲಿ ತಪ್ಪಲ್ಲ, 1987ರದ್ದನ್ನೂ ಹೆಚ್ಚಾಗಿ ಡಲ್ಲಾಸ್‌ನಲ್ಲೇ ತೆಗೆದರು. ಕಥೆಗೆ ಆ ಊರು ಬೇಕಿತ್ತಾ ಇಲ್ಲವಾ ಅನ್ನೋದು ಪ್ರಶ್ನೆ.

ರೇಟಿಂಗ್ ಬಗ್ಗೆ ಬರೆಯುವಾಗ 'ರಕ್ತವೇ ಇಲ್ಲ' ಅಂತ ದೂರಿ ನಿಲ್ಲಿಸಬೇಡಿ. ಅದರ ಹಿಂದೆ ದುಡ್ಡಿನ ಲೆಕ್ಕ ಇದೆ. ಹಳೆಯದಕ್ಕೆ ಖರ್ಚಾದದ್ದು ಸುಮಾರು 1.3 ಕೋಟಿ ಡಾಲರ್. ಹೊಸದಕ್ಕೆ ಸುಮಾರು 10 ಕೋಟಿ ಡಾಲರ್. ಅಷ್ಟು ಹಾಕಿದವರಿಗೆ ಹದಿಹರೆಯದವರೂ ಬಂದು ಟಿಕೆಟ್ ತೆಗೆದುಕೊಳ್ಳಬೇಕು, ಅದಕ್ಕೆ ಪಿಜಿ-13 (ಹದಿಹರೆಯದವರೂ ನೋಡಬಹುದಾದ ರೇಟಿಂಗ್) ಬೇಕು, ಪಿಜಿ-13 ಬೇಕಾದರೆ ಗುಂಡು ಬಿದ್ದವರ ಮೈಗೆ ಏನಾಯಿತು ಅಂತ ತೋರಿಸುವ ಹಾಗಿಲ್ಲ. ಹಾಗಾದರೆ ಏನು ಹೋಯಿತು? 1987ರ ಮೀಟಿಂಗ್ ಕೋಣೆಯ ದೃಶ್ಯ ನೆನಪಿಸಿಕೊಳ್ಳಿ. ಇಡಿ-209 ಅನ್ನೋ ಯಂತ್ರವನ್ನು ಪರೀಕ್ಷೆ ಮಾಡಿ ತೋರಿಸಲು ಒಬ್ಬ ಯುವ ಅಧಿಕಾರಿಯ ಕೈಗೆ ಪಿಸ್ತೂಲು ಕೊಡುತ್ತಾರೆ. ಯಂತ್ರ ಇಪ್ಪತ್ತು ಸೆಕೆಂಡ್ ಕೊಡುತ್ತದೆ. ಅವನು ಪಿಸ್ತೂಲು ಕೆಳಗೆ ಬಿಡುತ್ತಾನೆ, ಯಂತ್ರಕ್ಕೆ ಅದು ಗೊತ್ತಾಗುವುದಿಲ್ಲ. ಅವನು ಸತ್ತ ಮೇಲೂ ಗುಂಡು ನಿಲ್ಲುವುದಿಲ್ಲ. ಅದಾದ ಕೂಡಲೇ ಕೋಣೆಯಲ್ಲಿ ಮಾತು ತಿರುಗುವುದು ಯೋಜನೆ ತಡವಾಗುವ ಕಡೆಗೆ, ಆಗುವ ನಷ್ಟದ ಕಡೆಗೆ. ಅಷ್ಟು ರಕ್ತ ಇರುವುದರಿಂದಲೇ ಆ ತಣ್ಣಗಿನ ಮಾತು ಚುಚ್ಚುತ್ತದೆ. 2014ರಲ್ಲಿ ಅದೇ ಇಡಿ-209 ಟೆಹ್ರಾನ್‌ನಲ್ಲಿ ಚಾಕು ಹಿಡಿದ ಹುಡುಗನೊಬ್ಬನಿಗೆ ಎದುರಾಗುತ್ತದೆ, ಟಿವಿ ಪ್ರಸಾರ ಕಡಿದುಹೋಗುತ್ತದೆ. ನಮಗೆ ಏನೂ ತೋರಿಸುವುದಿಲ್ಲ. ಇಲ್ಲಿ ನಿಮ್ಮ ತೀರ್ಮಾನ ಬೇಕು: ತೋರಿಸದೆ ಇದ್ದದ್ದು ರೇಟಿಂಗ್ ಭಯದಿಂದಲಾ, ಇಲ್ಲ ಟಿವಿ ನಮ್ಮಿಂದ ಏನು ಮುಚ್ಚಿಡುತ್ತದೆ ಅಂತ ಹೇಳಲಿಕ್ಕಾ? ನನಗೆ ಎರಡೂ ಅನಿಸುತ್ತದೆ. ಈ ಒಂದು ಕಡೆ ಮಾತ್ರ ಪಿಜಿ-13 ಸಿನಿಮಾಕ್ಕೆ ಸಹಾಯವನ್ನೇ ಮಾಡಿದೆ.

ಆ್ಯಕ್ಷನ್ ಬಗ್ಗೆ ಬರೆಯುವುದು ಎಲ್ಲಕ್ಕಿಂತ ಕಷ್ಟ, ಅದಕ್ಕೇ ಎಲ್ಲರೂ 'ಸ್ಟಂಟ್‌ಗಳು ಚೆನ್ನಾಗಿವೆ' ಅಂತ ದಾಟಿಹೋಗುತ್ತಾರೆ. ನಡಿಗೆಯಿಂದ ಶುರುಮಾಡಿ. ಹಳೆಯ ರೋಬೋಕಾಪ್ ಪಾತ್ರಕ್ಕೆ ಪೀಟರ್ ವೆಲ್ಲರ್ ಮೂಕಾಭಿನಯದ ಗುರು ಮೋನಿ ಯಾಕಿಮ್ ಹತ್ತಿರ ತಯಾರಿ ಮಾಡಿದ್ದರು. ಮೊದಲು ತಲೆ ತಿರುಗುತ್ತದೆ, ಆಮೇಲೆ ಮೈ ತಿರುಗುತ್ತದೆ. ಹೆಜ್ಜೆಗೆ ಭಾರ ಇದೆ, ಸದ್ದು ಇದೆ. ಅವನು ಓಡುವುದಿಲ್ಲ, ಅವನಿಗೆ ಓಡುವ ಅಗತ್ಯವೂ ಇಲ್ಲ. ಜೋಯೆಲ್ ಕಿನ್ನಮನ್‌ನ ರೋಬೋಕಾಪ್ ಓಡುತ್ತಾನೆ, ಹಾರುತ್ತಾನೆ, ಬೈಕ್ ಏರುತ್ತಾನೆ. ಒಬ್ಬ ಸೆರೆಯಾದ ಮನುಷ್ಯನ ಹಾಗೆ ನಡೆಯುತ್ತಾನೆ, ಇನ್ನೊಬ್ಬ ತಯಾರಾಗಿ ಬಂದ ಆಯುಧದ ಹಾಗೆ. ಆಮೇಲೆ ಜಾಗ ನೋಡಿ: ಯಾರು ಎಲ್ಲಿದ್ದಾರೆ, ಗುಂಡು ಯಾವ ಕಡೆಯಿಂದ ಬಂತು ಅಂತ ನಿಮಗೆ ಗೊತ್ತಾಗುತ್ತಿತ್ತಾ? ಕೊನೆಗೆ ಪರಿಣಾಮ. ಕಾದಾಟ ಮುಗಿದ ಮೇಲೆ ಕಥೆಯಲ್ಲಿ ಏನಾದರೂ ಬದಲಾಯಿತಾ, ಇಲ್ಲ ಎಲ್ಲ ಮೊದಲಿನ ಹಾಗೇ ಇದೆಯಾ? ಕತ್ತಲಲ್ಲಿ ಕೂತು ಈ ಮೂರಕ್ಕೆ ಒಂದೊಂದು ಪದ ಗೀಚಿಕೊಂಡರೂ ಸಾಕು. ಉದ್ದ ಟಿಪ್ಪಣಿ ಬರೆಯಲು ಹೋದರೆ ಸಿನಿಮಾ ತಪ್ಪಿಹೋಗುತ್ತದೆ.

ಅಭಿಮಾನಿಗಳ ಸಿಟ್ಟನ್ನು ಹಾಗೇ ಎತ್ತಿ ಬರೆಯಬೇಡಿ. 2014ರಲ್ಲಿ ಎಲ್ಲರೂ ಹೊಸ ರೋಬೋಕಾಪ್‌ನ ಕಪ್ಪು ಸೂಟಿನ ಬಗ್ಗೆ ದೂರುತ್ತಿದ್ದರು. ಆದರೆ ಸಿನಿಮಾದೊಳಗೇ ಹಳೆಯದನ್ನು ಹೋಲುವ ಬೆಳ್ಳಿ ಬಣ್ಣದ ಸೂಟ್ ಮೊದಲು ಬರುತ್ತದೆ, ಮೈಕೆಲ್ ಕೀಟನ್ ಮಾಡಿರುವ ಕಂಪನಿ ಮುಖ್ಯಸ್ಥ ಅದನ್ನು ನೋಡಿ ಕಪ್ಪು ಮಾಡಿ ಅಂತಾನೆ. ಅಂದರೆ ಚೆಂದಕ್ಕಾಗಿ ಬಣ್ಣ ಬದಲಾಯಿಸುವವರು ಯಾರು ಅಂತ ಸಿನಿಮಾವೇ ತೋರಿಸುತ್ತಿದೆ. ಇದನ್ನು ಗಮನಿಸದೆ ದೂರಿದರೆ ನಾವು ಸರಿಯಾಗಿ ನೋಡಿಲ್ಲ ಅಂತಲೇ ಅರ್ಥ.

ನಗುವಿನ ಕಡೆಗೂ ಕಣ್ಣಿಡಿ. ಈ ಜಾತಿಯ ಹಳೆಯ ಸಿನಿಮಾಗಳು ಕಲ್ಟ್ ಆದದ್ದರಲ್ಲಿ ಅರ್ಧ ಪಾಲು ಕಹಿ ನಗುವಿನದ್ದು. 1987ರಲ್ಲಿ ಕಥೆಯ ನಡುವೆ ಸುದ್ದಿ, ಜಾಹೀರಾತು ನುಗ್ಗುತ್ತವೆ. ಮನೆಮಂದಿಯೆಲ್ಲ ಕೂತು ಅಣುಯುದ್ಧದ ಆಟ ಆಡುವ ಜಾಹೀರಾತು ಒಂದು. ಹೊಸದರಲ್ಲಿ ಆ ಕೆಲಸವನ್ನು ಸ್ಯಾಮ್ಯುಯೆಲ್ ಎಲ್. ಜಾಕ್ಸನ್ ಮಾಡಿರುವ ಟಿವಿ ನಿರೂಪಕ ಒಬ್ಬನೇ ಮಾಡಬೇಕು. ಅವರು ಚೆನ್ನಾಗಿಯೇ ಮಾಡಿದ್ದಾರೆ, ಆದರೆ ಉಳಿದ ಸಿನಿಮಾ ಗಂಭೀರವಾಗಿ ಮುಖ ಮಾಡಿಕೊಂಡು ಕೂತಿರುತ್ತದೆ.

ಬೇರೆ ಸಿನಿಮಾಗಳಿಗೂ ಇದೇ ಪ್ರಶ್ನೆ ಹಚ್ಚಿ ನೋಡಿ. 1975ರ 'ಡೆತ್ ರೇಸ್ 2000'ದಲ್ಲಿ ದಾರಿಹೋಕರನ್ನು ಕಾರು ಹಾಯಿಸಿ ಕೊಂದರೆ ಅಂಕ, ಅದು ದೇಶವೇ ನೋಡುವ ಹಬ್ಬ. 2008ರ 'ಡೆತ್ ರೇಸ್' ಅದನ್ನು ಖಾಸಗಿ ಜೈಲಿನೊಳಗೆ ತಂದು, ದುಡ್ಡು ಕೊಟ್ಟವರಿಗೆ ಇಂಟರ್‌ನೆಟ್‌ನಲ್ಲಿ ತೋರಿಸುವ ರೇಸ್ ಮಾಡಿತು. ಭಯ ಸರ್ಕಾರದಿಂದ ವ್ಯಾಪಾರಕ್ಕೆ ಜರುಗಿದೆ, ಅದನ್ನು ಗುರುತಿಸಿ. 1975ರ 'ರೋಲರ್‌ಬಾಲ್'ನಲ್ಲಿ ಜಗತ್ತನ್ನು ಕಂಪನಿಗಳು ಆಳುತ್ತವೆ, ಒಬ್ಬ ಮನುಷ್ಯನಿಂದ ಏನೂ ಆಗದು ಅಂತ ಜನರಿಗೆ ಕಲಿಸಲು ಆಟ ಇಟ್ಟಿರುತ್ತಾರೆ. 2002ರ ರೀಮೇಕ್ ಆ ಭವಿಷ್ಯವನ್ನೇ ಕೈಬಿಟ್ಟಿತು. ಆಟ ಉಳಿಯಿತು, ಕಾರಣ ಹೋಯಿತು.

ಕೆಲವು ಸಲ ರೀಮೇಕ್ ಅನ್ನೋ ಪದವೇ ಪೂರ್ತಿ ಸರಿಯಾಗಿರುವುದಿಲ್ಲ. 'ದಿ ರನ್ನಿಂಗ್ ಮ್ಯಾನ್' 1982ರಲ್ಲಿ ಸ್ಟೀಫನ್ ಕಿಂಗ್ ಬೇರೆ ಹೆಸರಿನಲ್ಲಿ ಬರೆದ ಕಾದಂಬರಿ, ಕಥೆ ನಡೆಯುವುದು 2025ರಲ್ಲಿ. 1987ರ ಸಿನಿಮಾ ಪುಸ್ತಕದಿಂದ ತುಂಬಾ ದೂರ ಹೋಗಿತ್ತು. 2025ರಲ್ಲೇ ಬಂದ ಎಡ್ಗರ್ ರೈಟ್ ಅವರ ಸಿನಿಮಾ ಮತ್ತೆ ಪುಸ್ತಕದ ಕಡೆ ತಿರುಗಿತು. ಇಂಥ ಕಡೆ 1987ರದ್ದರ ಜೊತೆ ಮಾತ್ರ ಹೋಲಿಸಿದರೆ ತಪ್ಪು ಗಿಡದ ಕೆಳಗೆ ಹಣ್ಣು ಹುಡುಕಿದ ಹಾಗೆ. ಮೂಲ ಪುಸ್ತಕವಿದೆಯಾ ಅಂತ ಮೊದಲೇ ವಿಚಾರಿಸಿ, ಇದ್ದರೆ ಓದಿ.

ಈಗ ಬರೆಯುವ ಕೆಲಸ. ಮೊದಲ ಪ್ಯಾರಾದಲ್ಲಿ ಹಳೆಯ ಸಿನಿಮಾದ ಇತಿಹಾಸ ಬೇಡ, ನಿಮ್ಮ ಬಾಲ್ಯದ ನೆನಪೂ ಬೇಡ. ಹೊಸ ಸಿನಿಮಾದ ಒಂದು ದೃಶ್ಯದಿಂದ ಶುರುಮಾಡಿ, ನಿಮಗೆ ನಿಜವಾಗಿ ತಾಗಿದ್ದರಿಂದ. ಕಥೆಯನ್ನು ನಾಲ್ಕೈದು ವಾಕ್ಯದಲ್ಲಿ ಮುಗಿಸಿ. ಹಳೆಯದನ್ನು ನೋಡಿಯೇ ಇಲ್ಲದವರೂ ಓದುತ್ತಿರುತ್ತಾರೆ, ಅವರು ಹೊರಗೆ ನಿಂತ ಹಾಗೆ ಆಗಬಾರದು. ಹಾಗಂತ ಹಳೆಯದನ್ನು ಹತ್ತು ಸಲ ನೋಡಿದವರಿಗೆ ಪಾಠ ಹೇಳಿದ ಹಾಗೂ ಆಗಬಾರದು. ಒಂದು ಸಾಲಿನ ಪರಿಚಯ ಕೊಟ್ಟು ಮುಂದೆ ಹೋದರೆ ಇಬ್ಬರಿಗೂ ಸರಿಹೋಗುತ್ತದೆ.

ಕ್ಲೈಮ್ಯಾಕ್ಸ್ ಬಗ್ಗೆ ಬರೆಯಲೇಬೇಕಾದರೆ ಮೊದಲೇ ಎಚ್ಚರಿಕೆ ಹಾಕಿ, ಅದನ್ನು ಕೊನೆಗೆ ಇಡಿ. ಹಳೆಯ ಸಿನಿಮಾದ ಕೊನೆಗೂ ಇದೇ ಮರ್ಯಾದೆ ಕೊಡಿ. ಮೂವತ್ತು ವರ್ಷ ಆಯಿತು, ಎಲ್ಲರಿಗೂ ಗೊತ್ತು ಅಂದುಕೊಳ್ಳಬೇಡಿ. ಯಾರೋ ಒಬ್ಬರು ಇವತ್ತು ರಾತ್ರಿ ಮೊದಲ ಸಲ ನೋಡಲು ಕೂರುತ್ತಿರುತ್ತಾರೆ. (ನಾನು ಇಲ್ಲಿ 'ರೋಬೋಕಾಪ್' ಕೊನೆಯನ್ನು ಹೇಳಿಬಿಟ್ಟಿದ್ದೇನೆ, ಪಾಠಕ್ಕೆ ಅದು ಬೇಕಿತ್ತು. ನೋಡಿಲ್ಲದವರು ಕ್ಷಮಿಸಿ.)

ಸ್ಟಾರ್ ಕೊಡುವುದಾದರೆ ಹೊಸದಕ್ಕೆ ಮಾತ್ರ ಕೊಡಿ, ಹಳೆಯದರಿಂದ ಕಳೆದು ಉಳಿದದ್ದನ್ನು ಕೊಡಬೇಡಿ.

ಬರೆದು ಮುಗಿಸಿದ ಮೇಲೆ ನಾನು ಒಂದು ಕೆಲಸ ಮಾಡುತ್ತೇನೆ. ಪೆನ್ಸಿಲ್ ಹಿಡಿದು ಹಳೆಯ ಸಿನಿಮಾದ ಹೆಸರು ಬಂದ ವಾಕ್ಯಗಳಿಗೆಲ್ಲ ಗೆರೆ ಎಳೆಯುತ್ತೇನೆ. ಗೆರೆ ಬೀಳದೆ ಉಳಿದದ್ದನ್ನು ಮಾತ್ರ ಜೋರಾಗಿ ಓದುತ್ತೇನೆ. ಅಷ್ಟನ್ನು ಕೇಳಿದವರಿಗೆ ಹೊಸ ಸಿನಿಮಾ ಹೇಗಿದೆ ಅಂತ ಗೊತ್ತಾಗುವ ಹಾಗಿದ್ದರೆ ಎಳೆದ ಗೆರೆಗಳನ್ನು ಅಳಿಸಿ ಪ್ರಕಟಿಸುತ್ತೇನೆ. ಬರೀ ಕಲಾವಿದರ ಹೆಸರು, ಬಿಡುಗಡೆಯ ದಿನ ಉಳಿದಿದ್ದರೆ ಟಿಪ್ಪಣಿ ಪುಸ್ತಕ ತೆಗೆದು ಮತ್ತೆ ಆ ಕೈಯಂಥ ಒಂದು ಚಿಕ್ಕ ವಸ್ತುವನ್ನು ಹುಡುಕಲು ಕೂರುತ್ತೇನೆ.